ಪಿಎಸ್1 ಗೇಮ್ ಹಾಕಿದರೆ ಕಪ್ಪು ಪರದೆ, ಸೇವ್ ಮಾಯ: ಹ್ಯಾಂಡ್‌ಹೆಲ್ಡ್ ಬದಲಿಸಬೇಕಾ, ಇದನ್ನೇ ಸರಿ ಮಾಡಬಹುದಾ?

ದಾವಣಗೆರೆ ಡಿಪ್ಯಾಡ್:

ಎಲ್ಲರಿಗೂ ನಮಸ್ಕಾರ. ಹಳೇ ಗೇಮ್ ಆಡೋಕೆ ಅಂತ ಆನ್‌ಲೈನ್‌ನಲ್ಲಿ ಒಂದು ಹ್ಯಾಂಡ್‌ಹೆಲ್ಡ್ (ಕೈಯಲ್ಲಿ ಹಿಡಿದು ಆಡುವ ಗೇಮ್ ಸಾಧನ) ತಗೊಂಡೆ. ಬಾಕ್ಸ್ ಮೇಲೆ ಕಂಪನಿ ಹೆಸರೇ ಇಲ್ಲ. 3.5 ಇಂಚಿನ 640×480 ಪರದೆ, ಒಳಗೆ ಆರ್‌ಕೆ3326 ಚಿಪ್, ಜೊತೆಗೆ "ಹತ್ತು ಸಾವಿರ ಗೇಮ್" ತುಂಬಿದ ಕಾರ್ಡ್.

ಕಾಂಟ್ರಾ, ಮಾರಿಯೋ ಎಲ್ಲ ಚೆನ್ನಾಗಿ ಓಡುತ್ತವೆ. ಪಿಎಸ್1, ಅಂದರೆ ಸೋನಿಯ ಮೊದಲ ಪ್ಲೇಸ್ಟೇಷನ್ ಗೇಮ್ ಹಾಕಿದರೆ ಮಾತ್ರ ತಲೆನೋವು. ಕೆಲವು ಶುರುವಾಗುತ್ತವೆ, ಕೆಲವು ಕಪ್ಪು ಪರದೆಯಲ್ಲೇ ನಿಂತುಬಿಡುತ್ತವೆ. ನನಗೆ ಮುಖ್ಯವಾಗಿ ಬೇಕಿದ್ದ ಟೆಕ್ಕನ್ 3 ಶುರುವೇ ಆಗೋದಿಲ್ಲ. ಪೋಕೆಮಾನ್ ಎಮರಾಲ್ಡ್‌ನಲ್ಲಿ ಊರೊಳಗೆ ಓಡಾಡಿದರೆ ಮನೆ, ಮರ ಎಲ್ಲ ಅಲೆಅಲೆಯಾಗಿ ನಡುಗಿದ ಹಾಗೆ ಕಾಣುತ್ತದೆ. ಗೇಮ್ ಒಳಗೇ ಸೇವ್ ಮಾಡಿ ಆಫ್ ಮಾಡಿದರೂ ಒಂದೊಂದು ಸಲ ಮಾರನೇ ದಿನ ಹಳೇ ಜಾಗದಿಂದಲೇ ಶುರು. ಫೋನಿನ ಚಾರ್ಜರ್ ಹಾಕಿದರೆ ಚಾರ್ಜೂ ಆಗೋದಿಲ್ಲ.

ಅಂಗಡಿಯವರಿಗೆ ಮೆಸೇಜ್ ಮಾಡಿದರೆ ಉತ್ತರ ಇಲ್ಲ. ಇದನ್ನು ಮೂಲೆಗಿಟ್ಟು ಎಂಟು ಹತ್ತು ಸಾವಿರದೊಳಗೆ ಬೇರೆ ತಗೊಳ್ಳೋಣ ಅಂತಿದ್ದೇನೆ. ಸೋನಿಯ ಹ್ಯಾಂಡ್‌ಹೆಲ್ಡ್ ಆದ ಪಿಎಸ್‌ಪಿಯ ಗಾಡ್ ಆಫ್ ವಾರ್ ಕೂಡ ಆಡೋ ಹಾಗಿದ್ದರೆ ಒಳ್ಳೇದು. ಯಾವುದು ತಗೊಳ್ಳಲಿ?

ಹಳೇ ಕಾರ್ಟ್ರಿಜ್:

ಸರ್, ಸ್ವಲ್ಪ ತಡೀರಿ. ನೀವು ಹೇಳಿದ್ದರಲ್ಲಿ ಯಾವುದೂ ಸಾಧನ ಕೆಟ್ಟಿರುವ ಲಕ್ಷಣ ಅಲ್ಲ. ಆರ್‌ಕೆ3326ಗೆ ಪಿಎಸ್1 ಒಂದು ಭಾರವೇ ಅಲ್ಲ. ಈಗ ಹೊಸದು ತಗೊಂಡು ಇದೇ ಕಾರ್ಡನ್ನು ಅದಕ್ಕೆ ಹಾಕಿದರೆ ಇದೇ ಸಮಸ್ಯೆ ಅಲ್ಲಿಗೂ ಬರುತ್ತದೆ.

ಮೊದಲು ಚಾರ್ಜರ್ ವಿಷಯ ಮುಗಿಸೋಣ, ಅದು ಸುಲಭ. ನಿಮ್ಮ ಫೋನ್ ಕೇಬಲ್ ಎರಡೂ ಕಡೆ ಟೈಪ್-ಸಿ ಇರಬೇಕು, ಅಲ್ವಾ? ಅಂಥ ಚಾರ್ಜರ್ ಸುಮ್ಸುಮ್ನೆ ಕರೆಂಟ್ ಕೊಡೋದಿಲ್ಲ. ಆ ಕಡೆ ಇರುವ ಸಾಧನದಲ್ಲಿ 5.1 ಕಿಲೋ ಓಮ್‌ನ ರೆಸಿಸ್ಟರ್ ಕಂಡರೆ ಮಾತ್ರ 5 ವೋಲ್ಟ್ ಬಿಡುತ್ತದೆ. ಅಗ್ಗದ ಹ್ಯಾಂಡ್‌ಹೆಲ್ಡ್ ಮಾಡುವವರು ಎಷ್ಟೋ ಸಲ ಆ ಪುಟ್ಟ ರೆಸಿಸ್ಟರನ್ನೇ ಹಾಕಿರೋದಿಲ್ಲ. ಒಂದು ಕಡೆ ಹಳೇ ಚಪ್ಪಟೆ ಯುಎಸ್‌ಬಿ, ಇನ್ನೊಂದು ಕಡೆ ಟೈಪ್-ಸಿ ಇರುವ ಕೇಬಲ್ ತಗೊಂಡು, ಹಳೇ ಫೋನಿನ ಸಾಧಾರಣ 5 ವೋಲ್ಟ್ ಚಾರ್ಜರ್‌ಗೆ ಹಾಕಿ ನೋಡಿ.

ಇನ್ನು ಟೆಕ್ಕನ್. ಕಾರ್ಡನ್ನು ಕಂಪ್ಯೂಟರ್‌ಗೆ ಹಾಕಿ. ಹಾಕಿದ ಕೂಡಲೇ ವಿಂಡೋಸ್ "ಈ ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು" ಅಂತ ಕೇಳಬಹುದು. ದಯವಿಟ್ಟು ಕ್ಯಾನ್ಸಲ್ ಒತ್ತಿ. ಕಾರ್ಡಿನಲ್ಲಿ ಲಿನಕ್ಸ್ ಪಾರ್ಟಿಶನ್ (ಲಿನಕ್ಸ್ ಎಂಬ ಓಎಸ್‌ಗೆ ಮೀಸಲಾದ ಭಾಗ) ಇದೆ, ವಿಂಡೋಸ್‌ಗೆ ಅದನ್ನು ಓದೋಕೆ ಬರೋದಿಲ್ಲ, ಅಷ್ಟೇ. ಗೇಮ್ ಇರುವ ಪಾರ್ಟಿಶನ್ ಬೇರೆ ಡ್ರೈವ್ ಆಗಿ ಕಾಣಿಸುತ್ತದೆ. ಅದರಲ್ಲಿ ಪಿಎಸ್1 ಫೋಲ್ಡರ್ ತೆಗೆದು, ಶುರುವಾಗದ ಗೇಮ್‌ನ ಹತ್ತಿರ ಏನೇನು ಫೈಲ್ ಇವೆ ಅಂತ ಹೇಳಿ. ಜೊತೆಗೆ ಬಯಾಸ್ (ಗೇಮ್ ಯಂತ್ರ ಶುರುವಾಗೋಕೆ ಬೇಕಾದ ಮೂಲ ಸಾಫ್ಟ್‌ವೇರ್) ಫೋಲ್ಡರ್‌ನಲ್ಲಿ ಏನಿದೆ ಅಂತಲೂ ನೋಡಿ.

ದಾವಣಗೆರೆ ಡಿಪ್ಯಾಡ್:

ಧನ್ಯವಾದ ಸರ್. ತಮ್ಮನ ಹಳೇ ಚಾರ್ಜರ್ ಹಾಕಿದೆ, ಕೆಂಪು ದೀಪ ಹತ್ತಿತು!

ಟೆಕ್ಕನ್‌ಗೆ ಎರಡು ಫೈಲ್ ಇವೆ. ಒಂದು ದೊಡ್ಡ ಬಿನ್ ಫೈಲ್, ಒಂದು ಚಿಕ್ಕ ಕ್ಯೂ ಫೈಲ್. ಬಯಾಸ್ ಫೋಲ್ಡರ್‌ನಲ್ಲಿ ಪ್ಲೇಸ್ಟೇಷನ್ನಿಗೆ ಸಂಬಂಧಪಟ್ಟಿದ್ದು ಏನೂ ಕಾಣಲಿಲ್ಲ.

ಹಳೇ ಕಾರ್ಟ್ರಿಜ್:

ಹಾಗಾದರೆ ಎರಡು ಕಡೆ ತೊಂದರೆ ಇದೆ.

ಕ್ಯೂ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಗೇಮ್ ಇರೋದು ಬಿನ್ ಫೈಲಿನಲ್ಲಿ, ಕ್ಯೂ ಅದನ್ನು ತೋರಿಸುವ ಬರೀ ಟೆಕ್ಸ್ಟ್ ಫೈಲ್. ಮೊದಲನೇ ಸಾಲಿನಲ್ಲಿ "ಫೈಲ್" ಅಂತ ಇಂಗ್ಲಿಷಿನಲ್ಲಿ ಇರುತ್ತದೆ, ಆಮೇಲೆ ಕೋಟ್ ಗುರುತಿನ ಒಳಗೆ ಬಿನ್ ಫೈಲಿನ ಹೆಸರು, ಕೊನೆಗೆ "ಬೈನರಿ". ಆ ಕೋಟ್ ಒಳಗಿನ ಹೆಸರೂ ನಿಮ್ಮ ಬಿನ್ ಫೈಲಿನ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಒಂದು ಸ್ಪೇಸ್ ಜಾಸ್ತಿ ಇದ್ದರೂ ಆಗೋದಿಲ್ಲ. ದೊಡ್ಡಕ್ಷರ ಸಣ್ಣಕ್ಷರವೂ ಹೊಂದಿರಲಿ, ಲಿನಕ್ಸ್ ಅದರಲ್ಲಿ ಸಾಮಾನ್ಯವಾಗಿ ಕಟ್ಟುನಿಟ್ಟು. ಕಾರ್ಡ್ ತುಂಬಿ ಮಾರುವವರು ಪಟ್ಟಿ ಚೆಂದ ಕಾಣಲಿ ಅಂತ ಬಿನ್ ಫೈಲಿನ ಹೆಸರು ಬದಲಿಸಿಬಿಡುತ್ತಾರೆ, ಕ್ಯೂ ಒಳಗೆ ಮಾತ್ರ ಹಳೇ ಹೆಸರೇ ಉಳಿದಿರುತ್ತದೆ. ಎಮ್ಯುಲೇಟರ್ (ಹಳೇ ಗೇಮ್ ಯಂತ್ರವನ್ನು ಅನುಕರಿಸುವ ಸಾಫ್ಟ್‌ವೇರ್) ಪಾಪ ಇಲ್ಲದ ಫೈಲನ್ನು ಹುಡುಕುತ್ತಾ ಕೂರುತ್ತದೆ.

ಎರಡನೇದು ಬಯಾಸ್. ಇಂಥ ಸಾಧನಗಳಲ್ಲಿ ಪಿಎಸ್1ಗೆ ಸಾಮಾನ್ಯವಾಗಿ ಪಿಸಿಎಸ್‌ಎಕ್ಸ್ ರೀಆರ್ಮ್ಡ್ ಎಂಬ ಕೋರ್ (ಆ ಯಂತ್ರದ ಎಮ್ಯುಲೇಟರ್) ಇರುತ್ತದೆ. ಬಯಾಸ್ ಸಿಗದಿದ್ದರೆ ಅದು ತನ್ನದೇ ನಕಲಿ ಬಯಾಸ್ ಇಟ್ಟುಕೊಂಡು ಕೆಲಸ ನಡೆಸುತ್ತದೆ. ಅದಕ್ಕೇ ಕೆಲವು ಗೇಮ್ ಓಡುತ್ತವೆ, ಕೆಲವು ನಿಲ್ಲುತ್ತವೆ. ಕೆಲವದರಲ್ಲಿ ಮೆಮೊರಿ ಕಾರ್ಡ್ ಸೇವ್ ಕೈಕೊಡುತ್ತದೆ. ಬೇಕಿರೋದು ಎಸ್‌ಸಿಪಿಎಚ್5501 ಎಂಬ ಬಿನ್ ಫೈಲ್. ಅದರ ಸೈಜ್ ಸರಿಯಾಗಿ 512 ಕೆಬಿ ಇರಬೇಕು, ಹೆಸರು ಪೂರ್ತಿ ಸಣ್ಣಕ್ಷರದಲ್ಲಿರಬೇಕು. ಅದು ಸೋನಿಯವರ ಹಕ್ಕಿನದು. ನಿಮ್ಮ ಬಳಿ ಹಳೇ ಪ್ಲೇಸ್ಟೇಷನ್ ಇದ್ದರೆ ಅದರಿಂದಲೇ ತೆಗೆದುಕೊಳ್ಳಬೇಕು. ಲಿಂಕ್ ಕೇಳಬೇಡಿ, ಇಲ್ಲಿ ಯಾರೂ ಕೊಡೋದಿಲ್ಲ. ಹಾಗೆ ನೋಡಿದರೆ ಆ ಹತ್ತು ಸಾವಿರ ಗೇಮ್ ಕಾರ್ಡೂ ಕದ್ದ ಮಾಲೇ. ನಿಮ್ಮ ಹತ್ತಿರ ಟೆಕ್ಕನ್ ಸಿಡಿ ಇದ್ದರೆ ಅದರಿಂದಲೇ ಮಾಡಿಕೊಂಡ ಫೈಲ್ ಎಲ್ಲಕ್ಕಿಂತ ಚೆನ್ನಾಗಿ ಓಡುತ್ತದೆ.

ಬ್ಯಾಟರಿ ಲೋ:

ಸೇವ್ ಮಾಯ ಆಗೋದಕ್ಕೆ ನಾನು ಹೇಳುತ್ತೇನೆ. ನೀವು ಆಫ್ ಮಾಡೋದು ಹೇಗೆ? ಪವರ್ ಬಟನ್ ಒತ್ತಿ ಹಿಡಿದಾ?

ದಾವಣಗೆರೆ ಡಿಪ್ಯಾಡ್:

ಹೌದು ಮೇಡಂ. ಬೇರೆ ಹೇಗೆ ಮಾಡೋದು?

ಬ್ಯಾಟರಿ ಲೋ:

ಗೇಮ್‌ನಿಂದ ಹೊರಗೆ ಬಂದು ಮೆನುಗೆ ಹೋಗಿ, ಅಲ್ಲಿಂದ ಶಟ್‌ಡೌನ್ ಕೊಡಬೇಕು. ನಿಜವಾದ ಗೇಮ್‌ಬಾಯ್‌ನಲ್ಲಿ ಸೇವ್ ಅಂದರೆ ಕಾರ್ಟ್ರಿಜ್ ಒಳಗಿನ ಚಿಪ್‌ಗೇ ಹೋಗಿ ಕೂರುತ್ತಿತ್ತು. ಇಲ್ಲಿ ಎಮ್ಯುಲೇಟರ್‌ಗಳನ್ನು ನಡೆಸುವ ರೆಟ್ರೋಆರ್ಚ್ ಅದನ್ನು ಮೊದಲು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಗೇಮ್ ಮುಚ್ಚಿದಾಗ ಮಾತ್ರ ಕಾರ್ಡಿಗೆ ಬರೆಯುತ್ತದೆ. ನೀವು ನಡುವೆ ಪವರ್ ಕಿತ್ತರೆ ಬರೆಯೋಕೆ ಸಮಯವೇ ಸಿಗೋದಿಲ್ಲ. ಸೆಟಿಂಗ್ಸ್‌ನಲ್ಲಿ ಸೇವಿಂಗ್ ಒಳಗೆ "ಸೇವ್‌ರ‍್ಯಾಮ್ ಆಟೋಸೇವ್ ಇಂಟರ್ವಲ್" ಅಂತ ಇದೆ, ಅದನ್ನು 10 ಸೆಕೆಂಡಿಗೆ ಇಡಿ. ಮನೆಯಲ್ಲಿ ಮಕ್ಕಳು ಆಡುತ್ತಾರೆ ಅಂದರೆ ಇದು ಇರಲೇಬೇಕು.

ಎಮರಾಲ್ಡ್ ನಡುಗೋದಕ್ಕೆ ಕಾರಣ ಬರೀ ಲೆಕ್ಕ. ಅದು ಗೇಮ್‌ಬಾಯ್ ಅಡ್ವಾನ್ಸ್ ಗೇಮ್, ಅದರ ಚಿತ್ರ 240×160. ನಿಮ್ಮ ಪರದೆಯ ಅಗಲ 640. ಭಾಗಿಸಿದರೆ 2.67 ಬರುತ್ತದೆ. ಅಂದರೆ ಗೇಮ್‌ನ ಒಂದು ಚುಕ್ಕೆ ಒಂದು ಕಡೆ 2 ಪಿಕ್ಸೆಲ್ ಅಗಲ, ಪಕ್ಕದ್ದು 3 ಪಿಕ್ಸೆಲ್ ಅಗಲ. ನಿಂತಿದ್ದಾಗ ಗೊತ್ತಾಗೋದಿಲ್ಲ. ಹೀರೋ ನಡೆಯೋಕೆ ಶುರು ಮಾಡಿದರೆ ಆ ದಪ್ಪ ಸಾಲುಗಳು ಚಿತ್ರದ ಮೇಲೆ ಹರಿದಾಡುತ್ತವೆ. ವಿಡಿಯೋ ಸೆಟಿಂಗ್‌ನಲ್ಲಿ ಇಂಟಿಜರ್ ಸ್ಕೇಲ್ (ಪೂರ್ಣ ಸಂಖ್ಯೆಯಷ್ಟೇ ಪಟ್ಟು ಹಿಗ್ಗಿಸೋದು) ಆನ್ ಮಾಡಿ. ಚಿತ್ರ 480×320ಕ್ಕೆ ಇಳಿದು ಸುತ್ತ ಕಪ್ಪು ಅಂಚು ಬರುತ್ತದೆ, ನಡುಕ ನಿಲ್ಲುತ್ತದೆ. ಚಿಕ್ಕದಾಯಿತು ಅನಿಸಿದರೆ ಅದನ್ನು ಆಫ್ ಮಾಡಿ ಬೈಲೀನಿಯರ್ ಫಿಲ್ಟರ್ ಹಾಕಿ. ಸ್ವಲ್ಪ ಮಸುಕು, ಆದರೆ ನಡುಕ ಬಹಳ ಕಡಿಮೆ. ನನಗಂತೂ ಅಂಚು ಇದ್ದರೂ ಚುಕ್ಕೆ ಚೂಪಾಗಿರಬೇಕು.

ದಾವಣಗೆರೆ ಡಿಪ್ಯಾಡ್:

ಟೆಕ್ಕನ್ ಓಡಿತು! ಕ್ಯೂ ಒಳಗೆ ಹೆಸರಿನ ಮುಂದೆ "ಯುಎಸ್‌ಎ" ಅಂತ ಇತ್ತು, ಬಿನ್ ಫೈಲಿನಲ್ಲಿ ಅದು ಇರಲಿಲ್ಲ. ನೋಟ್‌ಪ್ಯಾಡಿನಲ್ಲಿ ತೆಗೆದುಹಾಕಿದೆ, ಅಷ್ಟೇ. ಕಾಲೇಜ್ ಪಕ್ಕದ ಗೇಮ್ ಪಾರ್ಲರ್‌ನಲ್ಲಿ ಎಡ್ಡಿ ಹಿಡಿದು ಬರೀ ಕಿಕ್ ಒತ್ತುತ್ತಿದ್ದವರ ನೆನಪಾಯಿತು. ಇಂಟಿಜರ್ ಸ್ಕೇಲೂ ಆನ್ ಮಾಡಿದೆ, ಎಮರಾಲ್ಡ್ ಈಗ ಕಣ್ಣಿಗೆ ಹಿತವಾಗಿದೆ. ಬಯಾಸ್‌ಗೆ ಅಣ್ಣನ ಮನೆಯ ಅಟ್ಟದಲ್ಲಿರುವ ಪ್ಲೇಸ್ಟೇಷನ್ ಇಳಿಸಬೇಕು.

ಆದರೂ ಒಂದು ಹೊಸದು ತಗೊಳ್ಳೋ ಆಸೆ ಹೋಗಿಲ್ಲ. ಇದನ್ನು ಮಗನಿಗೆ ಕೊಟ್ಟುಬಿಡುತ್ತೇನೆ. ನನಗೆ ಯಾವುದು?

ಹಳೇ ಕಾರ್ಟ್ರಿಜ್:

ಆಸೆಗೆ ಔಷಧಿ ಇಲ್ಲ, ಹೇಳುತ್ತೇನೆ ಕೇಳಿ.

ಎಲ್ಲರೂ ಚಿಪ್‌ನಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಅದು ಉಲ್ಟಾ. ನೀವು ನಿಜವಾಗಿ ದಿನಾ ಆಡುವ ಗೇಮ್ ಯಾವುದು, ಅದರ ಚಿತ್ರದ ಆಕಾರ ಏನು, ಅದನ್ನು ನೋಡಿ ಪರದೆ ಆರಿಸಿ. ಚಿಪ್ ಆಮೇಲೆ.

ಟಿವಿಗೆ ಹಾಕುತ್ತಿದ್ದ ಕ್ಯಾಸೆಟ್ ಗೇಮ್, ಪಿಎಸ್1 ಇವೆಲ್ಲ ಹಳೇ ಟಿವಿಯ 4:3 ಆಕಾರದವು. ಇವಕ್ಕೆ 640×480ರ 3.5 ಇಂಚು ಹೇಳಿ ಮಾಡಿಸಿದ ಹಾಗಿದೆ. ಮಿಯೂ ಮಿನಿ ಪ್ಲಸ್ ಚಿಕ್ಕದು, ಆನಿಯನ್ ಎಂಬ ಬೇರೆ ಓಎಸ್ ಹಾಕಿದರೆ ಬಳಸೋಕೆ ಬಲು ಸುಲಭ. ಆದರೆ ಅದರಲ್ಲಿ ರ‍್ಯಾಮ್ 128 ಎಂಬಿ ಮಾತ್ರ, ಪಿಎಸ್1ಗೇ ಅದರ ಓಟ ಮುಗಿಯಿತು. ಅನ್‌ಬರ್ನಿಕ್‌ನ ಆರ್‌ಜಿ35ಎಕ್ಸ್‌ಎಕ್ಸ್ ಎಚ್ ಅಡ್ಡ ಆಕಾರದ್ದು. ಎಚ್700 ಚಿಪ್, 1 ಜಿಬಿ ರ‍್ಯಾಮ್, 3300 ಎಂಎಎಚ್ ಬ್ಯಾಟರಿ, ಎರಡು ಕಾರ್ಡ್ ಸ್ಲಾಟ್. ಟೆಕ್ಕನ್ ಆಡೋರಿಗೆ ನಾನು ಇದನ್ನೇ ಹೇಳೋದು. ಗೇಮ್‌ಬಾಯ್ ಥರ ಉದ್ದಕ್ಕೆ ನಿಂತಿರುವ ಸಾಧನದಲ್ಲಿ ಹಿಂದಿನ ನಾಲ್ಕು ಬಟನ್ ಒತ್ತೋಕೆ ಬೆರಳು ಮಡಚಿ ಮಡಚಿ ಸಾಕಾಗುತ್ತದೆ. ಎಮರಾಲ್ಡ್ ಅಂಥದ್ದಕ್ಕೆ ಅದೇ ಆಕಾರ ಆರಾಮ.

ತಗೊಳ್ಳುವಾಗ ಹೆಸರು ಪೂರ್ತಿ ಓದಿ. ಬರೀ "ಆರ್‌ಜಿ35ಎಕ್ಸ್‌ಎಕ್ಸ್" ಅಂದರೆ ಮೊದಲ ಮಾಡೆಲ್ ಇರಬಹುದು. ಅದರಲ್ಲಿ ರ‍್ಯಾಮ್ 256 ಎಂಬಿ, ವೈಫೈ ಇಲ್ಲ. ಪ್ಲಸ್, ಎಚ್, ಮಡಚುವ ಎಸ್‌ಪಿ, ಈ ಮೂರರಲ್ಲೂ ಎಚ್700 ಇದೆ. ಪಟ್ಟಿಯಲ್ಲಿ ಕೊನೆಯ ಒಂದು ಅಕ್ಷರ ಬಿಟ್ಟು ಮಾರುವವರು ಇದ್ದಾರೆ.

ಬ್ಯಾಟರಿ ಲೋ:

ಅವರು ಎಮರಾಲ್ಡ್ ಜಾಸ್ತಿ ಆಡುತ್ತಾರೆ ಅಂದರೆ ನಾನು ಆರ್‌ಜಿ34ಎಕ್ಸ್‌ಎಕ್ಸ್ ಅನ್ನುತ್ತೇನೆ. ಅದರ ಪರದೆ 720×480. 240ನ್ನು ಮೂರರಿಂದ ಗುಣಿಸಿದರೆ 720, 160ನ್ನು ಗುಣಿಸಿದರೆ 480. ಅಂಚೂ ಇಲ್ಲ, ನಡುಕವೂ ಇಲ್ಲ.

ಹಳೇ ಕಾರ್ಟ್ರಿಜ್:

ಒಪ್ಪಿದೆ, ಆದರೆ ಅವರ ಮೊದಲ ಪೋಸ್ಟಿನಲ್ಲಿ "ಮುಖ್ಯವಾಗಿ ಟೆಕ್ಕನ್" ಅಂತ ಇದೆ ಮೇಡಂ. 4:3 ಗೇಮ್‌ಗೆ ಆ ಪರದೆಯಲ್ಲಿ ಎರಡೂ ಬದಿ ಖಾಲಿ ಉಳಿಯುತ್ತದೆ. ಇಬ್ಬರೂ ಸರಿ, ಅವರೇ ತೀರ್ಮಾನ ಮಾಡಲಿ.

ದಾವಣಗೆರೆ ಡಿಪ್ಯಾಡ್:

ಗಾಡ್ ಆಫ್ ವಾರ್ ಬಗ್ಗೆ ಇಬ್ಬರೂ ಏನೂ ಹೇಳಲಿಲ್ಲ!

ಹಳೇ ಕಾರ್ಟ್ರಿಜ್:

ಬೇಕಂತಲೇ ಬಿಟ್ಟಿದ್ದೆ. ನಿಮ್ಮ ಬಜೆಟ್ ಸಿಕ್ಕಿಹಾಕಿಕೊಳ್ಳೋದು ಅಲ್ಲೇ. ಎಚ್700ರಲ್ಲಿ ಹಗುರವಾದ ಪಿಎಸ್‌ಪಿ ಗೇಮ್ ಓಡುತ್ತವೆ, ಗಾಡ್ ಆಫ್ ವಾರ್ ತೆವಳುತ್ತದೆ. ಓಡಿದರೂ ಚಂದ ಇಲ್ಲ. ಪಿಎಸ್‌ಪಿ ಪರದೆ 480×272, ಅಗಲ ಜಾಸ್ತಿ. 640×480ರಲ್ಲಿ ಹಾಕಿದರೆ ಚಿತ್ರಕ್ಕೆ ಸಿಗೋದು 640×363 ಮಾತ್ರ, ಮೇಲೆ ಕೆಳಗೆ ಕಪ್ಪು ಪಟ್ಟಿ. ಅದನ್ನು ನಿಜವಾಗಿ ಆಡಬೇಕು ಅಂದರೆ ರೆಟ್ರಾಯ್ಡ್ ಪಾಕೆಟ್ 5 ಥರದ್ದು ಬೇಕು. ಸ್ನ್ಯಾಪ್‌ಡ್ರ್ಯಾಗನ್ 865, 5.5 ಇಂಚಿನ ಓಲೆಡ್, ಆಂಡ್ರಾಯ್ಡ್. ನಿಮ್ಮ ಬಜೆಟ್‌ಗೆ ಅದು ಬರೋದಿಲ್ಲ.

ಆದರೆ ಅಂಥದ್ದೇ ಚಿಪ್ ಈಗಾಗಲೇ ನಿಮ್ಮ ಜೇಬಿನಲ್ಲಿ ಇರಬಹುದು. ಯಾವ ಫೋನು?

ದಾವಣಗೆರೆ ಡಿಪ್ಯಾಡ್:

ಸ್ನ್ಯಾಪ್‌ಡ್ರ್ಯಾಗನ್ 870 ಇರೋದು ಸರ್.

ಹಳೇ ಕಾರ್ಟ್ರಿಜ್:

ಅಷ್ಟೇ ಮತ್ತೆ! ಅದು 865ರ ತಮ್ಮನೇ, ಸ್ವಲ್ಪ ಇನ್ನೂ ಚುರುಕು. ಪಿಪಿಎಸ್‌ಎಸ್‌ಪಿಪಿ ಆ್ಯಪ್ ಪ್ಲೇ ಸ್ಟೋರ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಬಯಾಸ್ ಫೈಲೂ ಬೇಡ. ಫೋನಿನ ಎರಡೂ ಬದಿಗೆ ಕಚ್ಚಿಕೊಳ್ಳುವ ಟೈಪ್-ಸಿ ಗೇಮ್‌ಪ್ಯಾಡ್ ತಗೊಳ್ಳಿ. ಬ್ಲೂಟೂತ್‌ಗಿಂತ ಅದರಲ್ಲಿ ಬಟನ್ ತಡ ಆಗೋದು ಕಡಿಮೆ. ಪಿಎಸ್‌ಪಿ ಫೋನಿನಲ್ಲಿ, ಉಳಿದದ್ದು ಹ್ಯಾಂಡ್‌ಹೆಲ್ಡ್‌ನಲ್ಲಿ. ಇನ್ನೊಂದು ಮಾತು, ಚೀನಾದ ಆನ್‌ಲೈನ್ ಅಂಗಡಿ ಅಲಿಎಕ್ಸ್‌ಪ್ರೆಸ್‌ನ ಆ್ಯಪನ್ನು 2020ರ ನವೆಂಬರ್‌ನಲ್ಲಿ ನಮ್ಮ ದೇಶದಲ್ಲಿ ಬ್ಲಾಕ್ ಮಾಡಿದರು. ಹೊರಗಿನಿಂದ ನೇರ ತರಿಸಿದರೆ ಕಸ್ಟಮ್ಸ್ ಖರ್ಚು ಸೇರಿಸಿ ಲೆಕ್ಕ ಹಾಕಿ. ಇಲ್ಲಿಯ ಮಾರಾಟಗಾರರಾದರೆ ಬಿಲ್ಲು ಮತ್ತು ವಾಪಸ್ ಮಾಡುವ ಅವಕಾಶ ಎರಡೂ ಇವೆಯಾ ಅಂತ ಕೇಳಿ.

ದಾವಣಗೆರೆ ಡಿಪ್ಯಾಡ್:

ಸರಿ, ಆರ್‌ಜಿ35ಎಕ್ಸ್‌ಎಕ್ಸ್ ಎಚ್ ಮತ್ತು ಒಂದು ಗೇಮ್‌ಪ್ಯಾಡ್. ಕೊನೇ ಪ್ರಶ್ನೆ. ಎಮರಾಲ್ಡ್‌ನಲ್ಲಿ ಬಹಳ ಮುಂದೆ ಹೋಗಿದ್ದೇನೆ. ಸೇವ್ ಹೊಸದಕ್ಕೆ ತರಬಹುದಾ?

ಬ್ಯಾಟರಿ ಲೋ:

ಬರುತ್ತದೆ. ಗೇಮ್ ಒಳಗೇ, ಅದರ ಮೆನುವಿನಿಂದಲೇ ಒಮ್ಮೆ ಸೇವ್ ಮಾಡಿ, ಸರಿಯಾಗಿ ಹೊರಗೆ ಬನ್ನಿ. ಆಗ ಗೇಮ್‌ನ ಹೆಸರಿನಲ್ಲೇ ಒಂದು ಎಸ್‌ಆರ್‌ಎಂ ಫೈಲ್ ಇರುತ್ತದೆ, ಅದನ್ನು ಕಾಪಿ ಮಾಡಿ. ಹೊಸ ಸಾಧನದಲ್ಲೂ ಗೇಮ್ ಫೈಲಿನ ಹೆಸರು ಅದೇ ಇರಬೇಕು. ಸೇವ್ ಸ್ಟೇಟ್ (ಎಮ್ಯುಲೇಟರ್ ತಾನೇ ಆ ಕ್ಷಣವನ್ನು ಹಿಡಿದಿಡುವ ಸೇವ್) ಮಾತ್ರ ನಂಬಬೇಡಿ, ಕೋರ್ ಬದಲಾದರೆ ಅದು ತೆರೆಯದೇ ಇರಬಹುದು.

ಹೊಸದರ ಜೊತೆ ಬರುವ ಕಾರ್ಡನ್ನೂ ಬದಲಿಸಿ. ಬ್ರ್ಯಾಂಡಿನ ಕಾರ್ಡ್ ತಂದು, ಗೇಮ್ ತುಂಬುವ ಮುಂಚೆ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿ. 64 ಜಿಬಿ ಅಂತ ಬರೆದಿದ್ದು ನಿಜವಾಗಿ 64 ಇದೆಯಾ ಅಂತ ಅದು ಪೂರ್ತಿ ಬರೆದು, ಓದಿ ಹೇಳುತ್ತದೆ. ಹೊತ್ತು ಹಿಡಿಯುತ್ತದೆ, ರಾತ್ರಿ ಹಾಕಿ ಮಲಗಿ. ಹಾಗೆಯೇ ಮಗನಿಗೆ ಕೊಡುವ ಮುಂಚೆ ಹಳೇ ಕಾರ್ಡಿನ ಒಂದು ಇಮೇಜ್ (ಪೂರ್ತಿ ಕಾರ್ಡಿನ ನಕಲು) ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳಿ. ಹೆಸರಿಲ್ಲದ ಸಾಧನಗಳಲ್ಲಿ ಪರದೆಯ ಪ್ಯಾನೆಲ್ ಬೇರೆ ಬೇರೆ ಇರುತ್ತದೆ, ಅದಕ್ಕೆ ಹೊಂದುವ ಡಿಟಿಬಿ ಫೈಲ್ (ಒಳಗೆ ಯಾವ ಹಾರ್ಡ್‌ವೇರ್ ಇದೆ ಅಂತ ಓಎಸ್‌ಗೆ ಹೇಳುವ ಫೈಲ್) ಆ ಕಾರ್ಡಿನಲ್ಲಿ ಮಾತ್ರ ಇರಬಹುದು. ಅದು ಕಳೆದರೆ ಹೊಸ ಓಎಸ್ ಹಾಕಿದಾಗ ಪರದೆ ಹತ್ತೋದೇ ಇಲ್ಲ.