ಸಹಾಯ ಬೇಕು: ಉಪ್ಪಿನ ರಸ್ತೆ, ಬೈಕಿಗೆ ತುಕ್ಕು

ಎಲ್ಲರಿಗೂ ನಮಸ್ಕಾರ. ನಾನಿರೋದು ಇಂಗ್ಲೆಂಡಿನ ಲೀಡ್ಸಲ್ಲಿ. ಚಳಿಗಾಲದಲ್ಲೂ ಕೆಲಸಕ್ಕೆ ದಿನಾ ಬೈಕೇ ಗತಿ. ಇಲ್ಲಿ ಮಂಜುಗಡ್ಡೆ ಕಟ್ಟದಿರಲಿ ಅಂತ ರಸ್ತೆಗೆ ಕಲ್ಲುಪ್ಪು ಎರಚ್ತಾರೆ. ಮಂಗಳೂರಲ್ಲಿದ್ದಾಗ ಕಡಲ ಗಾಳಿಗೆ ತುಕ್ಕು ಹಿಡಿಯೋದು ನೋಡಿದ್ದೆ, ಆದ್ರೆ ಇಷ್ಟು ಬೇಗ ಅಲ್ಲ. ಹೋದ ವರ್ಷ ಒಂದೇ ಚಳಿಗಾಲಕ್ಕೆ ಸೈಲೆನ್ಸರ್ ಬೋಲ್ಟುಗಳು ಕೆಂಪಾಗಿ, ಸ್ಪ್ಯಾನರ್ ಹಾಕಿದ್ರೆ ಪದರ ಪದರ ಉದುರಿದ್ವು. ಇಂಜಿನ್ ಮೇಲಿನ ಬಣ್ಣದಡಿ ಅಲ್ಯುಮಿನಿಯಂ ಬಿಳಿ ಬೂಷ್ಟಿನ ಥರ ಉಬ್ಬಿದೆ. ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಈ ಸಲ ಅಕ್ಟೋಬರಲ್ಲೇ ತೊಳೆದು, ಪೂರ್ತಿ ಒಣಗಿಸಿ, ಬ್ರೇಕ್ ಡಿಸ್ಕು, ಪ್ಯಾಡಿಗೆ ತಾಗದ ಹಾಗೆ ಮುಚ್ಚಿ, ಉಳಿದ ಕಡೆಯೆಲ್ಲ ಎಸಿಎಫ್-50 ಅನ್ನೋ ತುಕ್ಕು ತಡೆಯೋ ಎಣ್ಣೆ ಸ್ಪ್ರೇ ಹೊಡೆದಿದ್ದೀನಿ. ಚೈನಿಗೆ ವಾರಕ್ಕೊಮ್ಮೆ ಲ್ಯೂಬ್. ಬಿಸಿನೀರಿಗೆ ಉಪ್ಪು ಇನ್ನೂ ಜೋರಾಗಿ ತಿನ್ನುತ್ತೆ, ಅದಕ್ಕೆ ತಣ್ಣೀರಲ್ಲೇ ತೊಳೆಯೋದು.

ಸಿಕ್ಕಿಹಾಕಿಕೊಂಡಿರೋದು ಇಲ್ಲಿ: ದಿನಾ ನೀರು ಹಾಯಿಸಿದ್ರೆ ಆ ಎಣ್ಣೆ ಪದರವೂ ಹೋಗಿಬಿಡಲ್ವಾ? ಹಾಯಿಸದಿದ್ರೆ ಉಪ್ಪು ಅಲ್ಲೇ ಕೂತಿರುತ್ತೆ. ಗ್ಯಾರೇಜ್ ಬೇರೆ ಇಲ್ಲ. ಸಂಜೆ ಕತ್ತಲಲ್ಲಿ ತೊಳೆದು, ಒದ್ದೆ ಬೈಕಿಗೇ ಕವರ್ ಹೊದಿಸಬೇಕು.

ಉಪ್ಪಿನ ರಸ್ತೆಯಲ್ಲಿ ಚಳಿಗಾಲವೆಲ್ಲ ಓಡಿಸಿದವರು ದಯವಿಟ್ಟು ಹೇಳಿ: ದಿನಾ ತೊಳೀತೀರಾ, ವಾರಕ್ಕೊಮ್ಮೆನಾ? ಎಷ್ಟು ವಾರಕ್ಕೆ ಮತ್ತೆ ಸ್ಪ್ರೇ ಹೊಡೀತೀರಾ?