ಆನ್‌ಲೈನ್ ತರಬೇತಿ ಪಟ್ಟಿಗೆ ವರ್ಷಕ್ಕೆ 10 ಸಾವಿರ ಕಟ್ಟಿದರೆ ಒಕ್ಕೂಟಕ್ಕೆ ಗಿಟ್ಟುತ್ತಾ?

ಸಾಮೆ_ಹೊಸದುರ್ಗ:
ಎಲ್ಲರಿಗೂ ನಮಸ್ಕಾರ. ಹೊಸದುರ್ಗ ತಾಲ್ಲೂಕಿನ ಮಹಿಳಾ ಸಂಘಗಳ ಒಕ್ಕೂಟ ನಮ್ಮದು, ಟ್ರಸ್ಟ್ ಆಗಿ ನೋಂದಣಿಯಾಗಿದೆ. ಸಾಮೆ, ನವಣೆ ಸಂಸ್ಕರಣೆ ಮಾಡುವ ಸಣ್ಣ ಘಟಕ ಇದೆ. ಅಲ್ಲೇ ಎರಡು ದಿನದ ತರಬೇತಿಯನ್ನೂ ಕೊಡ್ತೀವಿ: ಕಾಳು ಹಸನು ಮಾಡೋದು, ಕಲ್ಲು ತೆಗೆಯೋದು, ಸಿಪ್ಪೆ ಬಿಡಿಸೋದು, ಪ್ಯಾಕಿಂಗ್, ಲೇಬಲ್. ತಲಾ 1,500 ರೂ. ಬ್ಯಾಚಿಗೆ 12 ಜನ, ವರ್ಷಕ್ಕೆ 6 ಬ್ಯಾಚ್. ಪ್ರತಿ ಸಲ 8 ಸೀಟು ತುಂಬುತ್ತೆ, 4 ಖಾಲಿ ಉಳಿಯುತ್ತೆ. ಊಟ, ಕಾಳು, ಕವರ್ ಎಲ್ಲ ಸೇರಿ ತಲಾ 400 ಖರ್ಚು.

ಒಂದು ತರಬೇತಿ ಪೋರ್ಟಲ್‌ನವರು ಪಟ್ಟಿಯ ಮೇಲ್ಭಾಗದಲ್ಲಿ ಹೆಸರು ಹಾಕ್ತೀವಿ, ವರ್ಷಕ್ಕೆ 10,000 ಮತ್ತು ಜಿಎಸ್‌ಟಿ ಕಟ್ಟಿ ಅಂತಿದ್ದಾರೆ. ಅವರ ಮೂಲಕ ದುಡ್ಡು ಬಂದರೆ ಶೇ 20 ಕಮಿಷನ್ ಬೇರೆ. ಸಭೆಯಲ್ಲಿ ಠರಾವು ಮಾಡೋಕೆ ಮುಂಚೆ ತಿಳಿದವರು ಹೇಳಿ.

ಲೆಕ್ಕಪತ್ರ_ದಾವಣಗೆರೆ:
ಮೇಡಂ, ಮೊದಲು 10,000 ಅನ್ನೋ ಅಂಕಿ ಬಿಡಿ. ನಿಮಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ಕಟ್ಟಿದ ಶೇ 18 ವಾಪಸ್ ಬರಲ್ಲ. ಹಾಗಾಗಿ ಖರ್ಚು 11,800.

ಒಬ್ಬರು ಪೋರ್ಟಲ್‌ನಿಂದ ಬಂದರೆ 1,500ರಲ್ಲಿ ಕಮಿಷನ್ 300 ಹೋಗುತ್ತೆ, ಊಟ ಸಾಮಾನು 400 ಹೋಗುತ್ತೆ, ಉಳಿಯೋದು 800. 11,800 ವಾಪಸ್ ಬರೋಕೆ 15 ಜನ ಬೇಕು. ವರ್ಷಕ್ಕೆ ನಿಮ್ಮ ಹತ್ರ ಖಾಲಿ ಇರೋದೇ 24 ಸೀಟು. ಅದರಲ್ಲಿ 15 ತುಂಬಿದರೆ ಅಸಲು, 24ಕ್ಕೆ 24 ತುಂಬಿದರೂ ಉಳಿತಾಯ 7,400 ಮಾತ್ರ. ಅದರ ಮೇಲೆ ಜನ ಬಂದರೆ ಹೊಸ ಬ್ಯಾಚ್ ಹಾಕಬೇಕು. ಆಗ ತರಬೇತಿದಾರರ ಸಂಭಾವನೆ, ಕರೆಂಟ್ ಸೇರಿ ಲೆಕ್ಕವೇ ಬದಲಾಗುತ್ತೆ.

ಇನ್ನೊಂದು ಸೋರಿಕೆ ಇದೆ, ಬಹಳ ಸಂಘಗಳು ಅದನ್ನು ನೋಡೋದೇ ಇಲ್ಲ. ಹೇಗಿದ್ದರೂ ನಿಮ್ಮ ಹತ್ರ ಬರ್ತಿದ್ದ ಹೊಸದುರ್ಗದವರೇ ಆ ಪೋರ್ಟಲ್‌ನಲ್ಲಿ ದುಡ್ಡು ಕಟ್ಟಿದರೆ ತಲಾ 300 ಸುಮ್ಮನೆ ಕಳೆದುಕೊಳ್ತೀರಿ. ಪೋರ್ಟಲ್ ವರದಿಯಲ್ಲಿ ಮಾತ್ರ ಅದು ‘ನಾವು ತಂದ ಗಿರಾಕಿ’ ಅಂತ ಬರುತ್ತೆ. ಅದಕ್ಕೇ ಪಟ್ಟಿಯಲ್ಲಿ ಕೊಡೋಕೆ ಒಂದು ಬೇರೆ ಸಿಮ್ ತಗೊಳ್ಳಿ, ಆ ನಂಬರ್ ಮತ್ತೆಲ್ಲೂ ಹಾಕಬೇಡಿ. ಒಂದು ರಿಜಿಸ್ಟರ್‌ನಲ್ಲಿ ದಿನಾಂಕ, ಊರು, ಏನು ಕೇಳಿದರು, ಸೇರಿದರಾ ಇಲ್ಲವಾ, ನಮ್ಮ ಹೆಸರು ಮೊದಲೇ ಗೊತ್ತಿತ್ತಾ ಅಂತ ಬರೆಯಿರಿ. ಕೊನೇ ಕಾಲಂ ಇಲ್ಲದಿದ್ದರೆ ಉಳಿದ ಕಾಲಂಗಳಿಂದ ಏನೂ ತಿಳಿಯಲ್ಲ.

ಡಿಜಿಟಲ್_ಹರಿಹರ:
ಮೇಲಿನ ಲೆಕ್ಕ ಸರಿ ಇದೆ. ದುಡ್ಡು ಕಟ್ಟೋ ಮುಂಚೆ ನೀವೇ ಗಿರಾಕಿಯಾಗಿ ಆ ಪೋರ್ಟಲ್‌ನಲ್ಲಿ ಹುಡುಕಿ ನೋಡಿ. ‘ಸಿರಿಧಾನ್ಯ ತರಬೇತಿ’ ಅಂತ ಕನ್ನಡದಲ್ಲಿ ಟೈಪ್ ಮಾಡಿದರೆ ಏನಾದರೂ ಬರುತ್ತಾ? ಊರಿನ ಪಟ್ಟಿಯಲ್ಲಿ ಚಿತ್ರದುರ್ಗ ಇದೆಯಾ, ಇಲ್ಲಾ ಬೆಂಗಳೂರು, ಮೈಸೂರು, ಹುಬ್ಬಳ್ಳಿಗೇ ಮುಗಿಯುತ್ತಾ? ಇಂಗ್ಲಿಷ್ ಅಕ್ಷರದಲ್ಲಿ ದಾವಣಗೆರೆ ಬರೆಯುವಾಗ ‘ಎನ್’ ಆದಮೇಲೆ ‘ಎ’ ಹಾಕುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಒಂದರಲ್ಲಿ ಹುಡುಕಿದರೆ ಇನ್ನೊಂದು ಸಿಗದ ಪೋರ್ಟಲ್‌ಗಳಿವೆ. ಸಾಮೆ, ಸಾವೆ ಕೂಡ ಹಾಗೇ. ವಿವರಣೆಯಲ್ಲಿ ಎಲ್ಲ ರೂಪಗಳನ್ನೂ ಒಂದೊಂದು ಸಲ ಬರೆಯಿರಿ.

ಆಮೇಲೆ ಅವರಿಗೆ ಇಮೇಲ್‌ನಲ್ಲಿ ಕೇಳಿ, ಫೋನಿನಲ್ಲಿ ಬೇಡ: ಆಹಾರ ಸಂಸ್ಕರಣೆ ವಿಭಾಗಕ್ಕೆ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಿಂದ ಹೋದ ಮೂರು ತಿಂಗಳಲ್ಲಿ ಎಷ್ಟು ವಿಚಾರಣೆ ಬಂದಿವೆ? ಒಂದು ವಿಚಾರಣೆಯನ್ನು ಎಷ್ಟು ಸಂಸ್ಥೆಗಳಿಗೆ ಹಂಚ್ತೀರಿ? ಸೇರಿದವರ ಫೋನ್ ನಂಬರ್ ನಮಗೆ ಸಿಗುತ್ತಾ? ಯಾರಾದರೂ ಹಣ ವಾಪಸ್ ಕೇಳಿದರೆ ಕಮಿಷನ್ನೂ ವಾಪಸ್ ಬರುತ್ತಾ? ಎರಡನೇ ಪ್ರಶ್ನೆ ಮುಖ್ಯ. ಒಂದೇ ನಂಬರನ್ನು ಐದಾರು ಕಡೆ ಕೊಡುವವರಿದ್ದರೆ, ನೀವು ಫೋನ್ ಮಾಡುವ ಹೊತ್ತಿಗೆ ಆ ಮನುಷ್ಯ ಬೇಸತ್ತು ಫೋನ್ ಎತ್ತಲ್ಲ.

ವರ್ಷದ ಪ್ಲಾನ್ ಬೇಡವೇ ಬೇಡ. ಮೂರು ತಿಂಗಳಿಗೆ 2,500ಕ್ಕೆ ಕೇಳಿ. ಜಿಎಸ್‌ಟಿ ಸೇರಿ 2,950, ನಾಲ್ಕು ಹೊಸಬರು ಬಂದರೆ ಅಸಲು ಬಂತು. ಬರದಿದ್ದರೆ ಅಲ್ಲಿಗೇ ನಿಲ್ಲಿಸಿ. ಗೂಗಲ್ ಬಿಸಿನೆಸ್ ಪ್ರೊಫೈಲ್, ವಾಟ್ಸ್ಆಪ್ ಬಿಸಿನೆಸ್ ಎರಡೂ ಉಚಿತ, ಅವನ್ನು ಮೊದಲು ಪೂರ್ತಿ ಮಾಡಿಕೊಳ್ಳಿ.

ಬಯಲುಸೀಮೆ_ಚಳ್ಳಕೆರೆ:
ಇಬ್ಬರೂ 1,500 ರೂಪಾಯಿಯ ಗಿರಾಕಿಯನ್ನೇ ಲೆಕ್ಕ ಹಾಕಿದ್ದೀರಿ. ಆ ಗಿರಾಕಿ ಆ ಪೋರ್ಟಲ್‌ನಲ್ಲಿ ಸಿಗೋದು ಕಷ್ಟ, ಅದಕ್ಕೆ ಕಾರಣವೂ ಇದೆ. ಸ್ವಂತ ಉದ್ಯೋಗ ಮಾಡಬೇಕು ಅನ್ನೋ ಹಳ್ಳಿಯ ಹೆಣ್ಣುಮಕ್ಕಳಿಗೆ ಬ್ಯಾಂಕ್‌ಗಳು ನಡೆಸುವ ಆರ್‌ಸೆಟಿಯಲ್ಲಿ (ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ) ಊಟ, ವಸತಿ ಸಮೇತ ಉಚಿತ ತರಬೇತಿ ಇದೆ. ಹಿರಿಯೂರಿನ ಬಬ್ಬೂರು ಫಾರ್ಮ್‌ನಲ್ಲಿ, ದಾವಣಗೆರೆಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ‘ಸಿರಿಧಾನ್ಯದ ಪರಿಚಯ’ ಅಂತ ನೀವು ಪಟ್ಟಿಯಲ್ಲಿ ಹಾಕಿದರೆ ದುಡ್ಡು ಕೊಟ್ಟು ಯಾರು ಬರ್ತಾರೆ?

ದುಡ್ಡು ಕೊಡುವವರು ಯಂತ್ರ ಆಗಲೇ ಕೊಂಡು ಕೈ ಸುಟ್ಟುಕೊಂಡವರು. ರೈತ ಉತ್ಪಾದಕ ಕಂಪನಿಗಳು, ಬೇರೆ ಜಿಲ್ಲೆಯ ಸಂಸ್ಥೆಗಳು. ಅವರ ಸಮಸ್ಯೆ ಒಂದೇ: ಗ್ರೇಡಿಂಗ್ (ಗಾತ್ರದ ಪ್ರಕಾರ ಕಾಳು ಬೇರ್ಪಡಿಸೋದು) ಸರಿಯಾಗಿ ಮಾಡದೆ ಕಾಳು ಹಾಕ್ತಾರೆ, ಸಿಪ್ಪೆ ಬಿಡದ ಕಾಳು ಉಳಿಯುತ್ತೆ, ಅದನ್ನು ಬಿಡಿಸೋಕೆ ಎಲ್ಲವನ್ನೂ ಮತ್ತೆ ಮತ್ತೆ ಯಂತ್ರಕ್ಕೆ ಸುರೀತಾರೆ, ಅಕ್ಕಿ ಹೋಗಿ ನುಚ್ಚು ಬರುತ್ತೆ. ಕಾಳು ಅತಿಯಾಗಿ ಒಣಗಿದ್ದರೆ ಇನ್ನೂ ಹೆಚ್ಚು ಮುರಿಯುತ್ತೆ. ಇದನ್ನು ಬಿಡಿಸಿ ಹೇಳಿಕೊಡುವ ಕೈ ನಿಮ್ಮಲ್ಲಿದೆ. ಪಟ್ಟಿಯ ಮೊದಲ ಸಾಲಿನಲ್ಲೇ ಬರೆಯಿರಿ: ‘ಸಾಮೆಯಲ್ಲಿ ನುಚ್ಚು ಕಡಿಮೆ ಮಾಡುವುದು, ನಿಮ್ಮದೇ ಕಾಳು ತಂದು ನಮ್ಮ ಯಂತ್ರದಲ್ಲಿ ಓಡಿಸಿ ನೋಡಿ’. ಯಂತ್ರದ ಎಚ್‌ಪಿ, ಗಂಟೆಗೆ ಎಷ್ಟು ಕೆಜಿ, ಒಬ್ಬೊಬ್ಬರಿಗೆ ಎಷ್ಟು ಹೊತ್ತು ಯಂತ್ರ ಸಿಗುತ್ತೆ, ಅದನ್ನೂ ಹಾಕಿ. ದರ ತಲೆಗೆ ಬೇಡ, ಇಡೀ ಬ್ಯಾಚಿಗೆ 18,000 ಅಂತ ಹಾಕಿ.

ಲೆಕ್ಕ ನೋಡಿ: 18,000ರಲ್ಲಿ ಕಮಿಷನ್ 3,600, ಹನ್ನೆರಡು ಜನರ ಖರ್ಚು 4,800. ಉಳಿದ 9,600ರಲ್ಲಿ ತರಬೇತಿದಾರರದ್ದು, ಕರೆಂಟಿನದು ಕಳೆಯಿರಿ. ವರ್ಷಕ್ಕೆ ಅಂಥ ಎರಡು ಬ್ಯಾಚ್ ಬಂದರೂ ಪಟ್ಟಿ ಗಿಟ್ಟುತ್ತೆ. ಒಂದೂ ಬರದಿದ್ದರೆ ಗಿಟ್ಟಲ್ಲ, ಅಷ್ಟೇ.

ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣದ ಮೇಲೆ ಕಣ್ಣಿದ್ದರೆ ಪೋರ್ಟಲ್‌ಗಿಂತ ಮೊದಲು ಅದಕ್ಕೆ ಬೇಕಾದ ಸಿಎಸ್‌ಆರ್-1 ನೋಂದಣಿ ನಮೂನೆ ಮತ್ತು ನೀತಿ ಆಯೋಗದ ದರ್ಪಣ್ (ಸ್ವಯಂಸೇವಾ ಸಂಸ್ಥೆಗಳ ಪೋರ್ಟಲ್) ನೋಂದಣಿ ಮುಗಿಸಿ. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಇಲ್ಲದ ಸಂಸ್ಥೆಗೆ ಆ ಕೆಲಸ ಕೊಡುವಂತಿಲ್ಲ. ದರ್ಪಣ್‌ಗೆ ಶುಲ್ಕವೇ ಇಲ್ಲ.

ಸಾಮೆ_ಹೊಸದುರ್ಗ:
ತುಂಬಾ ಉಪಕಾರವಾಯ್ತು. ಬ್ಯಾಚ್ ದರದ ವಿಷಯ ನಮ್ಮ ತಲೆಗೆ ಹೊಳೆದಿರಲಿಲ್ಲ. ಒಂದು ಅನುಮಾನ: ಪೋರ್ಟಲ್ ಮೂಲಕ ದುಡ್ಡು ತಗೊಂಡರೆ ಜಿಎಸ್‌ಟಿ ಮಾಡಿಸಲೇಬೇಕಾ? ಟ್ರಸ್ಟಿಗೆ 12ಎ (ಆದಾಯ ತೆರಿಗೆ ವಿನಾಯಿತಿಯ ನೋಂದಣಿ) ಇದೆ, ಅದಕ್ಕೆ ತೊಂದರೆ ಆಗುತ್ತಾ?

ಲೆಕ್ಕಪತ್ರ_ದಾವಣಗೆರೆ:
ಜಿಎಸ್‌ಟಿಯಲ್ಲಿ ತರಬೇತಿ ಅನ್ನೋದು ಸರಕಲ್ಲ, ‘ಸೇವೆ’ ಅಂತ ಲೆಕ್ಕ. ಪೋರ್ಟಲ್ ಮೂಲಕ ಕೊಟ್ಟರೂ ವಾರ್ಷಿಕ ವಹಿವಾಟು 20 ಲಕ್ಷ ದಾಟುವ ತನಕ ನೋಂದಣಿ ಕಡ್ಡಾಯ ಅಲ್ಲ. ಎಡವೋದು ಇಲ್ಲಿ: ಬರೀ ಸರಕು ಮಾರುವವರಿಗೆ ಮಿತಿ 40 ಲಕ್ಷ. ಸಾಮೆ ಅಕ್ಕಿ ಜೊತೆ ತರಬೇತಿ ಶುಲ್ಕವೂ ಸೇರಿದರೆ ಮಿತಿ 20 ಲಕ್ಷಕ್ಕೆ ಇಳಿಯುತ್ತೆ, ಅಕ್ಕಿ ಮಾರಿದ್ದೂ ಅದರೊಳಗೆ ಲೆಕ್ಕ. ತೆರಿಗೆ ಇಲ್ಲದ ಬಿಡಿ ಮಾರಾಟವನ್ನೂ ಸೇರಿಸಿ ನೋಡಿ.

12ಎ ವಿಷಯದಲ್ಲಿ ನಿಮ್ಮ ಟ್ರಸ್ಟ್ ಡೀಡ್ (ಉದ್ದೇಶ ಬರೆದಿರುವ ಸ್ಥಾಪನಾ ಪತ್ರ) ಓದಬೇಕು. ಉದ್ದೇಶ ‘ಸಾರ್ವಜನಿಕ ಉಪಯೋಗ’ದ ವರ್ಗಕ್ಕೆ ಬಂದರೆ ಶುಲ್ಕ, ವ್ಯಾಪಾರದ ಆದಾಯ ಒಟ್ಟು ಜಮೆಯ ಶೇ 20 ಮೀರುವಂತಿಲ್ಲ. ಮೀರಿದ ವರ್ಷ ವಿನಾಯಿತಿ ಹೋಗುತ್ತೆ. ಬಡವರ ನೆರವು ಅಂತಿದ್ದರೆ ಈ ಮಿತಿ ಇಲ್ಲ. ಡೀಡ್ ಹಿಡಿದುಕೊಂಡು ನಿಮ್ಮ ಆಡಿಟರ್ ಹತ್ರ ಒಮ್ಮೆ ಕೂತು ಮಾತಾಡಿ. ಪೋರ್ಟಲ್‌ನವರು ನಿಮ್ಮ ಒಟ್ಟು ಶುಲ್ಕದ ಮೇಲೆ ಶೇ 0.1 ಟಿಡಿಎಸ್ (ಮೊದಲೇ ಹಿಡಿಯುವ ಆದಾಯ ತೆರಿಗೆ) ಹಿಡೀತಾರೆ, ಕಮಿಷನ್ ಕಳೆಯುವ ಮುಂಚಿನ ಮೊತ್ತದ ಮೇಲೆ. ಪ್ಯಾನ್ ಕೊಡದಿದ್ದರೆ ಶೇ 5. ಪುಸ್ತಕದಲ್ಲೂ ಪೂರ್ತಿ 1,500 ಆದಾಯ, 300 ಖರ್ಚು ಅಂತ ಬರೆಯಿರಿ. ಕೈಗೆ ಬಂದಷ್ಟನ್ನೇ ಬರೆದರೆ ಇಲಾಖೆಯ ದಾಖಲೆಗೂ ನಿಮ್ಮದಕ್ಕೂ ತಾಳೆಯಾಗಲ್ಲ.

ಡಿಜಿಟಲ್_ಹರಿಹರ:
ಒಂದು ಮಾತು ಬಿಟ್ಟುಹೋಗಿತ್ತು. ಕಾರ್ಡಿನಲ್ಲಿ ಕಟ್ಟುವಾಗ ‘ಆಟೋ ರಿನೀವಲ್’ (ಅವಧಿ ಮುಗಿದಾಗ ತಾನಾಗಿ ನವೀಕರಣ) ಟಿಕ್ ತೆಗೆಯಿರಿ. ಒಮ್ಮೆ ಒಪ್ಪಿಗೆ ಕೊಟ್ಟರೆ 15,000 ರೂ. ತನಕ ಒಟಿಪಿ ಕೇಳದೆ ಕಡಿತ ಆಗುತ್ತೆ, ನಿಮ್ಮ 11,800 ಅದರೊಳಗೇ ಬರುತ್ತೆ. 24 ಗಂಟೆ ಮುಂಚೆ ಮೆಸೇಜ್ ಬರಬೇಕು, ಬರುತ್ತೆ ಕೂಡ. ಆದರೆ ಒಕ್ಕೂಟಗಳಲ್ಲಿ ಖಾತೆಗೆ ಜೋಡಿಸಿದ ನಂಬರ್ ಎಷ್ಟೋ ಸಲ ಹಿಂದಿನ ಕಾರ್ಯದರ್ಶಿಯದ್ದೇ ಆಗಿರುತ್ತೆ. ಬ್ಯಾಂಕಿನಲ್ಲಿ ಮೊದಲು ಆ ನಂಬರ್ ಬದಲಾಯಿಸಿ, ಪೋರ್ಟಲ್‌ಗೆ ಎನ್‌ಇಎಫ್‌ಟಿ ಮಾಡಿ. ಅವಧಿ ಮುಗಿಯುವ ದಿನಾಂಕವನ್ನು ಠರಾವಿನಲ್ಲೇ ಬರೆಸಿ.