ಬೆಂಗಳೂರು–ಟೋಕಿಯೊ: ಬರುವಾಗ ಆರೂವರೆ ಗಂಟೆ ಸಾಕಾ?

ಮಲ್ಲೇಶ್ವರದ ಮಗಳು:
ಜನವರಿಯಲ್ಲಿ ಅಮ್ಮ ಟೋಕಿಯೊದಲ್ಲಿರುವ ತಮ್ಮನ ಮನೆಗೆ ಹೊರಟಿದ್ದಾರೆ. ಒಬ್ಬರೇ, ನೇರ ವಿಮಾನದಲ್ಲಿ. ಹೋಗುವಾಗ ರಾತ್ರಿ 2:30ಕ್ಕೆ ಬಿಟ್ಟು ಮಧ್ಯಾಹ್ನ 2ಕ್ಕೆ ನರಿತಾ ವಿಮಾನ ನಿಲ್ದಾಣ. ಬರುವಾಗ ಸಂಜೆ 6ಕ್ಕೆ ಬಿಟ್ಟು ರಾತ್ರಿ 12:30ಕ್ಕೆ ಬೆಂಗಳೂರು. ಅಂದರೆ ಹೋಗೋಕೆ ಹನ್ನೊಂದೂವರೆ ಗಂಟೆ, ಬರೋಕೆ ಆರೂವರೆ, ಅಲ್ವಾ? ಅವರಿಗೆ ಮಂಡಿನೋವು ಜಾಸ್ತಿ. ಕಾಲು ಚಾಚುವಷ್ಟು ಜಾಗವಿರುವ ಸೀಟನ್ನು ಹೋಗುವಾಗ ಮಾತ್ರ ತೆಗೆದುಕೊಳ್ಳೋಣ ಅಂತಿದ್ದೇವೆ.

ನಿಶಿ ಕಸಾಯಿ ನಿವಾಸಿ:
ಒಂದೇ ಕಡೆಗೆ ತೆಗೆದುಕೊಳ್ಳುವುದಾದರೆ ಬರುವಾಗಿನದಕ್ಕೆ ತೆಗೆದುಕೊಳ್ಳಿ ಮೇಡಂ. ಅದೇ ಉದ್ದದ ಪ್ರಯಾಣ.

ಟಿಕೆಟ್‌ನಲ್ಲಿರುವುದು ಆಯಾ ಊರಿನ ಸಮಯ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಹೋಗುವಾಗ ಅದನ್ನು ಕಳೆಯಿರಿ, 8 ಗಂಟೆ. ಬರುವಾಗ ಕೂಡಿಸಿ, 10 ಗಂಟೆ. ಅಮ್ಮ ನಿಜವಾಗಿ ಕೂತಿರಬೇಕಾದದ್ದು ಇಷ್ಟು ಹೊತ್ತು.

ದೂರ ಎರಡು ಕಡೆಗೂ ಹೆಚ್ಚುಕಡಿಮೆ 6,700 ಕಿಲೋಮೀಟರ್. ವ್ಯತ್ಯಾಸಕ್ಕೆ ಕಾರಣ ಗಾಳಿ. ವಿಮಾನ ಹಾರುವ ಎತ್ತರದಲ್ಲಿ, ಸುಮಾರು 10 ಕಿಲೋಮೀಟರ್ ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಬೀಸುತ್ತದೆ. ಚಳಿಗಾಲದಲ್ಲಿ ಜಪಾನಿನ ಮೇಲೆ ಅದು ಗಂಟೆಗೆ 300 ಕಿಲೋಮೀಟರ್ ದಾಟುವುದೂ ಉಂಟು. ಹೋಗುವಾಗ ಬೆನ್ನಿಗೆ ತಳ್ಳುತ್ತದೆ, ಬರುವಾಗ ಎದುರಾಗುತ್ತದೆ. ನಿಮ್ಮ ಟಿಕೆಟ್ ಜನವರಿಯದ್ದು, ಗಾಳಿ ಜೋರಾಗಿರುವ ಕಾಲ. ಜಪಾನಿನ ಬೇಸಿಗೆಯಲ್ಲಿ, ಅಂದರೆ ಜೂನ್‌ನಿಂದ ಆಗಸ್ಟ್‌ವರೆಗೆ, ಗಾಳಿ ಸಡಿಲವಾಗಿ ಉತ್ತರಕ್ಕೆ ಸರಿಯುತ್ತದೆ, ಆಗ ಇಷ್ಟು ವ್ಯತ್ಯಾಸ ಇರುವುದಿಲ್ಲ.

ಈ ಗಾಳಿಯನ್ನು ಮೊದಲು ಅಳೆದವರಲ್ಲಿ ಒಬ್ಬರು ಜಪಾನಿನವರೇ, ವಾಸಾಬುರೋ ಓಯಿಶಿ. 1920ರ ದಶಕದಲ್ಲಿ ತಾತೆನೋ ಎಂಬಲ್ಲಿ ಬಲೂನು ಹಾರಿಸಿ ಕಂಡುಕೊಂಡರು. ವರದಿಯನ್ನು ಎಸ್ಪೆರಾಂಟೊ ಎಂಬ, ಕೆಲವರಷ್ಟೇ ಬಲ್ಲ ಕೃತಕ ಭಾಷೆಯಲ್ಲಿ ಬರೆದಿದ್ದರಿಂದ ಹೊರಗಿನವರು ಹೆಚ್ಚು ಗಮನಿಸಲಿಲ್ಲ. ನನಗೆ ಇದು ತುಂಬಾ ಬೇಸರದ ಸಂಗತಿ. ಅಷ್ಟು ದೊಡ್ಡ ಕೆಲಸ ಅದು.

ಹಾಸನದ ಮೇಷ್ಟ್ರು:
ದಾರಿಯ ಬಗ್ಗೆ ಒಂದು ಮಾತು. ಮನೆಯಲ್ಲಿ ಗ್ಲೋಬ್ ಇದ್ದರೆ ಎರಡೂ ಊರಿನ ನಡುವೆ ದಾರ ಬಿಗಿಯಾಗಿ ಹಿಡಿದು ನೋಡಿ. ಬಂಗಾಳ ಕೊಲ್ಲಿ, ಮ್ಯಾನ್ಮಾರ್, ದಕ್ಷಿಣ ಚೀನಾ ಮೇಲೆ ಹಾದು ಹೋಗುತ್ತದೆ. 6,700 ಅನ್ನುವುದು ಈ ದಾರದ ಉದ್ದ. ವಿಮಾನ ಹಾರುವ ದಾರಿ ಇದಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಎದುರುಗಾಳಿ ತಪ್ಪಿಸಲು ಕೆಲವು ಸಲ ಬಳಸಿಕೊಂಡೂ ಬರುತ್ತಾರೆ.

ಮಲ್ಲೇಶ್ವರದ ಮಗಳು:
ಇಬ್ಬರಿಗೂ ತುಂಬಾ ಧನ್ಯವಾದ. ಹಾಗಾದರೆ ಬರುವಾಗಿನ ಸೀಟೇ ಬದಲಾಯಿಸುತ್ತೇವೆ. ತುರ್ತು ಬಾಗಿಲ ಪಕ್ಕದ್ದು ಆಗುತ್ತಾ?

ನಿಶಿ ಕಸಾಯಿ ನಿವಾಸಿ:
ಬೇಡ. ಅಲ್ಲಿ ಕೂತವರು ತುರ್ತಿನಲ್ಲಿ ಬಾಗಿಲು ತೆಗೆಯಲು ನೆರವಾಗಬೇಕು. ಮಂಡಿನೋವು ಇರುವವರಿಗೆ ಅದು ಕೊಡುವುದಿಲ್ಲ. ನಡುದಾರಿಯ ಪಕ್ಕದ ಸೀಟು ಕೇಳಿ. ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಲಿ, ಪಕ್ಕದವರನ್ನು ಎಬ್ಬಿಸುವ ಸಂಕೋಚ ಇರುವುದಿಲ್ಲ. ಗಾಲಿಕುರ್ಚಿಗೂ ಈಗಲೇ ವಿಮಾನ ಕಂಪನಿಗೆ ಹೇಳಿಬಿಡಿ. ನರಿತಾದಲ್ಲಿ ನಡೆಯುವುದು ಬಹಳ ಇದೆ. ಅಲ್ಲಿಂದ ಟೋಕಿಯೊ ನಗರಕ್ಕೆ ಮತ್ತೆ ಸುಮಾರು 60 ಕಿಲೋಮೀಟರ್, ರೈಲಿನಲ್ಲಿ ಒಂದು ಗಂಟೆ. ತಮ್ಮನಿಗೆ ವಿಮಾನ ನಿಲ್ದಾಣಕ್ಕೇ ಬರಲು ಹೇಳಿ.